ದೇಚಕ್ಕನ ತೋಳಿಗೆ ತಕ್ಕ ಬಾಣ

ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ ಬಿದ್ದ ಕಾಲುಚೀಲಗಳನ್ನು ಎಳೆದು ತೆಗೆಯುವುದಕ್ಕೆ ಒಂದು ಬಾಣವಿದೆ. ನಿಜವಾದ ಬಾಣ. ಅಲ್ಯುಮಿನಿಯಂ ಕಡ್ಡಿ, ಹಿಂಬದಿಗೆ ಮೂರು ಗರಿ, ಅದರಲ್ಲಿ ಒಂದು ಅರ್ಧ ಕಿತ್ತುಹೋಗಿದೆ. ಮುಂದಿನ ಅಲಗನ್ನು ತಿರುಪಿ ತೆಗೆದು ಆ ಜಾಗಕ್ಕೆ ಒಂದು ಕೊಕ್ಕೆ ಸಿಕ್ಕಿಸಿದ್ದೇನೆ. ಮೊನ್ನೆ ಮನೆಗೆ ಬಂದ ಒಬ್ಬರು ಅದನ್ನು ಕಂಡು "ಇದೇನ್ರೀ?" ಅಂದರು. ಎಲ್ಕ್ ಬೇಟೆಗೆ ಆರಿಸಿದ್ದ ಬಾಣ, ಆರಿಸಿದವಳು ನಾನೇ ಅಂದೆ. ಕಾಫಿ ನೆತ್ತಿಗೇರುವಷ್ಟು ನಕ್ಕರು. ಮೊಟ್ಟೆ ಹಾಕಿದ ಕೇಕ್ ಎಂದು ಗೊತ್ತಾದರೆ ತಟ್ಟೆಯನ್ನು ಮೆಲ್ಲಗೆ ಗಂಡನ ಕಡೆ ಸರಿಸುವವಳು ನಾನು. ನೀವೂ ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಅವರು ಹೋದ ಮೇಲೆ ಬಾಣವನ್ನು ಕೈಯಲ್ಲಿ ಹಿಡಿದು ಲಾಂಡ್ರಿ ಕೋಣೆಯಲ್ಲೇ ಕುಳಿತುಬಿಟ್ಟೆ. ಬಟ್ಟೆ ಒಣಗಿ ಮೆಷಿನ್ನು ಕೂಗಿಕೊಂಡರೂ ಏಳಲಾಗಲಿಲ್ಲ.

ತೊಂಬತ್ತರ ದಶಕದ ಮಾತು. ಅಮೆರಿಕದ ಕೆರೊಲಿನಾದಲ್ಲಿರುವ ನಮ್ಮ ಕ್ಯಾರಿ ಊರು ಆಗ ಈಗಿನಷ್ಟು ಬೆಳೆದಿರಲಿಲ್ಲ. ಸಾಲಾಗಿ ಒಂದೇ ಬಣ್ಣದ ಮನೆಗಳು, ಮನೆಗಳ ಹಿಂದೆ ಪೈನ್ ಮರಗಳು, ರಸ್ತೆಯಲ್ಲಿ ನಡೆಯುವ ಒಂದು ನರಪಿಳ್ಳೆಯೂ ಇಲ್ಲ. ನನ್ನ ಗಂಡ ಶ್ರೀನಾಥ್ ಇದ್ದೊಂದು ಕಾರನ್ನು ಬೆಳಿಗ್ಗೆ ಆಫೀಸಿಗೆ ತೆಗೆದುಕೊಂಡು ಹೋದರೆ, ಸಂಜೆ ಅವರು ಬರುವ ತನಕ ಮನೆಯಲ್ಲಿ ದನಿ ತೆಗೆಯುತ್ತಿದ್ದುದು ಕುಕ್ಕರ್ ಒಂದೇ. ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿ, ಫಸ್ಟ್ ಕ್ಲಾಸ್ ಬಂದು, ಅಪ್ಪನ ಕೈಯಲ್ಲಿ ಬೀದಿಗೆಲ್ಲ ಮೈಸೂರುಪಾಕು ಹಂಚಿಸಿದ್ದವಳು ನಾನು. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಕಲಿತ ಗತಿವಿಜ್ಞಾನವೆಲ್ಲ ದೋಸೆ ಮಗುಚುವುದಕ್ಕೆ ಖರ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಪಕ್ಕದ ಹಿತ್ತಲಿನಿಂದ 'ಥಪ್' ಎಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ 'ಥಪ್'. ಬೇಲಿಯ ಸಂದಿಯಲ್ಲಿ ಇಣುಕಿದರೆ, ನಮ್ಮವರ ಹಾಗೇ ಕಾಣುವ, ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬ ಹೆಂಗಸು, ಎರಡು ತುದಿಗೂ ಸಣ್ಣ ಗಾಲಿಗಳಿರುವ ದೊಡ್ಡ ಬಿಲ್ಲನ್ನು ಕಿವಿಯ ತನಕ ಸೆಳೆದು ನಿಂತಿದ್ದಾರೆ. ನನ್ನ ಬಾಯಿಂದ "ಅಯ್ಯೋ ರಾಮ" ಅಂತ ಹೊರಟೇಹೋಯಿತು. ಅವರು ತಿರುಗಿಯೂ ನೋಡದೆ ಬಾಣ ಬಿಟ್ಟು, ಅದು ಹುಲ್ಲಿನ ಗುರಿಗೆ ನೆಟ್ಟ ಮೇಲೆ ಹೇಳಿದರು:

"ರಾಮಂದೇ ಬಿಲ್ಲು ಅಂದ್ಕೊಳ್ಳಿ. ಆ ಕಡೆಗೆ ಬರಲ್ಲ, ಹೆದರ್ಬೇಡಿ."

ದೇಚಮ್ಮ ನನಗೆ ದೇಚಕ್ಕ ಆಗುವುದಕ್ಕೆ ಒಂದು ಲೋಟ ಕಾಫಿ ಸಾಕಾಯಿತು. ಕೊಡಗಿನವರು. ಒಂದು ಲ್ಯಾಬಿನಲ್ಲಿ ಬೆಳಗಿನ ಜಾವದ ಪಾಳಿ ಮುಗಿಸಿ ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತಿದ್ದರು. ಗಂಡ ನಂಜಪ್ಪ ಮಿತಭಾಷಿ, ಮಕ್ಕಳಿರಲಿಲ್ಲ. ಹುಟ್ಟಿದ ಮನೆಯಲ್ಲಿ ಬಂದೂಕು ಹಿಡಿದು ಬೆಳೆದವರು ಇಲ್ಲಿ ಬಿಲ್ಲು ಹಿಡಿದದ್ದಕ್ಕೆ ಕಾರಣ ನಂಜಪ್ಪನವರ ಹೆದರಿಕೆ. ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಮನೆಯಲ್ಲಿ ಬಂದೂಕು ಬೇಡ ಎಂದು ಅವರು ಹಟ ಹಿಡಿದಿದ್ದರಂತೆ. ಬಿಲ್ಲಿಗಾದರೆ ಯಾರೂ ಕಾಗದ ಕೇಳುವುದಿಲ್ಲ. ಕೆರೊಲಿನಾದ ಸಣ್ಣ ಜಿಂಕೆಗಳ ಬೇಟೆಯಾಡಿ ದೇಚಕ್ಕನಿಗೆ ಸಾಕಾಗಿತ್ತು. ಈಗ ಅವರಿಗೆ ಬೇಕಾಗಿದ್ದುದು ಎಲ್ಕ್.

"ನಮ್ಮ ಕಡವೆ ನೋಡಿದ್ಯಲ್ಲ, ಮೃಗಾಲಯದಲ್ಲಿ? ಅದರ ದೊಡ್ಡಣ್ಣ ಅಂತ ಇಟ್ಕೋ. ಕೊಲೊರಾಡೊ ಬೆಟ್ಟಕ್ಕೆ ಹೋಗ್ಬೇಕು ಅದಕ್ಕೆ. ಸಾಯೋದ್ರೊಳಗೆ ಒಂದ್ಸಲ ನಾನು ಹೋಗ್ಲೇಬೇಕು ವಸುಧಾ."

ಸಾಯುವ ಮಾತನ್ನು ನಾವೆಲ್ಲ ಎಷ್ಟು ಸಲೀಸಾಗಿ ಆಡುತ್ತೇವೆ ನೋಡಿ. ನಾನು ಸಕ್ಕರೆ ಸಾಕೇ ಎಂದು ಕೇಳಿದೆ ಅಷ್ಟೇ.

ಎಲ್ಕ್‌ಗೆ ಬಾಣ ಆರಿಸುವುದು ಸೀರೆ ಆರಿಸುವುದಕ್ಕಿಂತ ಕಷ್ಟ. ಕಡ್ಡಿಯ ಉದ್ದ ಎಳೆಯುವವರ ತೋಳಿಗೆ ಸರಿಹೋಗಬೇಕು. ಕಡ್ಡಿ ಬಿಲ್ಲಿಗಿಂತ ಮೆತ್ತಗಿದ್ದರೆ ಹಾರುವಾಗ ಮೀನಿನ ಹಾಗೆ ಬಳುಕುತ್ತದೆ, ಬಿರುಸಾಗಿದ್ದರೆ ಪಕ್ಕಕ್ಕೆ ಸರಿಯುತ್ತದೆ. ಆಗ ತಾನೇ ಕಾರ್ಬನ್ ಕಡ್ಡಿಗಳು ಬರತೊಡಗಿದ್ದವು. ಹಗುರ, ಬಲು ವೇಗ. ಪಕ್ಕದ ರಾಲಿ ನಗರದಿಂದಾಚೆ ಹೆದ್ದಾರಿಯ ಪಕ್ಕದಲ್ಲಿದ್ದ ಬಿಲ್ಲಿನಂಗಡಿಯ ಗಡ್ಡದ ಯಜಮಾನನಿಗೆ ವೇಗ ಅಂದರೆ ಪ್ರಾಣ. ಹಗುರ ಕಾರ್ಬನ್ ಕಡ್ಡಿಗೆ, ಒಳಗೆ ಹೊಕ್ಕಾಗ ಛತ್ರಿಯ ಹಾಗೆ ಅರಳುವ ಹೊಸ ನಮೂನೆಯ ಅಲಗು ಸಿಕ್ಕಿಸಿ ಕೊಡುತ್ತೇನೆ ಎಂದು ಕೌಂಟರಿನ ಮೇಲೆ ಹರಡಿದ. ದೇಚಕ್ಕ ನನ್ನ ಮುಖ ನೋಡಿದರು.

"ನೀನು ಓದಿದ್ಯಲ್ಲ, ಹೇಳು. ಎಲ್ಕ್‌ನ ಪಕ್ಕೆಲುಬು ದಾಟಿ ಹೋಗುತ್ತಾ ಇದು?"

ಅಮೆರಿಕಕ್ಕೆ ಬಂದ ಮೇಲೆ ನನ್ನ ಓದನ್ನು ಕುರಿತು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಅಂಗಡಿಯವನಿಂದ ಪೆನ್ಸಿಲ್ ಇಸಿದುಕೊಂಡು ಬಾಣದ ಡಬ್ಬದ ಮೇಲೇ ಲೆಕ್ಕ ಹಾಕಿದೆ. ಹಗುರ ಬಾಣ ಬೇಗ ಹಾರುತ್ತದೆ, ಆದರೆ ಎಲುಬಿಗೆ ತಗುಲಿದರೆ ಬೇಗ ನಿಲ್ಲುತ್ತದೆ. ಭಾರದ ಬಾಣ ನಿಧಾನ, ಆದರೆ ಒಮ್ಮೆ ಹೊರಟರೆ ತಳ್ಳಿಕೊಂಡು ಹೋಗುತ್ತದೆ. ಅರಳುವ ಅಲಗು, ಅರಳುವುದಕ್ಕೇ ಅರ್ಧ ಶಕ್ತಿ ತಿಂದುಬಿಡುತ್ತದೆ. ದೇಚಕ್ಕನ ತೋಳು ಗಟ್ಟಿ, ಆದರೂ ಅವರು ಸಣ್ಣ ಆಳು. ಅಲ್ಯುಮಿನಿಯಂ ಕಡ್ಡಿಯೇ ಇರಲಿ, ಭಾರದ್ದು. ಅಲಗು ಮೂರು ಬಾಯಿಯದು, ಮಡಚದೆ ಬಿಗಿದು ನಿಂತಿರುವುದು ಎಂದು ತೀರ್ಪು ಕೊಟ್ಟೆ. ಗಡ್ಡದವನು ಹುಬ್ಬು ಹಾರಿಸಿದ. ದೇಚಕ್ಕ ಬೆನ್ನು ತಟ್ಟಿದರು. ಆ ದಿನ ಮನೆಗೆ ಬಂದು ನಾನು ಮಾಡಿದ ಸಾರಿಗೆ ಉಪ್ಪೇ ಹಾಕಿರಲಿಲ್ಲವಂತೆ. ಅಷ್ಟು ಖುಷಿ.

ಅಲಗಿನ ವಿಷಯದಲ್ಲಿ ನನಗೆ ತೌರುಮನೆಯ ಅನುಭವವೂ ಇತ್ತೆನ್ನಿ. ನಮ್ಮಮ್ಮನ ಈಳಿಗೆಮಣೆಗೆ ತಿಂಗಳಿಗೊಮ್ಮೆ ಸಾಣೆಯವನು ಬರುತ್ತಿದ್ದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಸಾಣೆಕಲ್ಲು ತಿರುಗಿ ಕಿಡಿ ಹಾರುತ್ತಿತ್ತು. ಆ ಕಿಡಿಗೆ ಕೈಯೊಡ್ಡಿ ಬೈಸಿಕೊಳ್ಳುವುದು ನಮ್ಮ ಆಟ. ಸಾಣೆ ಹಿಡಿದ ದಿನ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದರೆ ಅಮ್ಮನಿಗೆ ರಕ್ತ ಕಂಡ ಮೇಲೇ ತಿಳಿಯುತ್ತಿತ್ತು, ನೋವೇ ಇಲ್ಲ. ಮೊಂಡಾದ ಈಳಿಗೆ ಮಾತ್ರ ಚರ್ಮ ಜಗಿದು ಜೀವ ಹಿಂಡುತ್ತಿತ್ತು. ಇದನ್ನು ಹೇಳಿದಾಗ ದೇಚಕ್ಕ ಗಂಭೀರರಾದರು.

"ಹರಿತ ಇದ್ರೆ ಪ್ರಾಣಿಗೂ ಹಾಗೇ ಕಣೇ. ಏನಾಯ್ತು ಅಂತ ಗೊತ್ತಾಗೋದ್ರೊಳಗೆ ಬಿದ್ದುಹೋಗುತ್ತೆ. ಗಾಯ ಮಾಡಿ ಬಿಟ್ಟು ಬರೋದಿದ್ಯಲ್ಲ, ಅದಕ್ಕಿಂತ ಪಾಪ ಇಲ್ಲ."

ಬೇಟೆ ಇನ್ನೂ ನಿಷೇಧವಾಗದಿದ್ದ ಕಾಲದಲ್ಲಿ ಅವರ ಅಪ್ಪ ಹಾರಿಸಿದ ಗುಂಡು ಒಂದು ಕಡವೆಯ ಹೊಟ್ಟೆಗೆ ತಗುಲಿತ್ತಂತೆ. ಅದು ಓಡಿಹೋಯಿತು. ಅಪ್ಪ ಅನ್ನ ಬಿಟ್ಟು, ರಕ್ತದ ಜಾಡು ಹಿಡಿದು ಕಾಡೆಲ್ಲ ತಿರುಗಿ, ಕೊನೆಗೆ ಹಳ್ಳದ ಬದಿಯಲ್ಲಿ ಅದು ಇನ್ನೂ ಉಸಿರಾಡುತ್ತ ಬಿದ್ದಿದ್ದನ್ನು ಕಂಡು ಮುಗಿಸಿ ಬಂದರಂತೆ. ಆಮೇಲೆ ಬಹಳ ಕಾಲ ಬಂದೂಕು ಮುಟ್ಟಲಿಲ್ಲವಂತೆ. ದೇಚಕ್ಕ ಅಲಗುಗಳನ್ನು ಮಸೆಯುವಾಗ ನನಗೆ ಆ ಕಡವೆಯೇ ಕಣ್ಣಿಗೆ ಕಟ್ಟುತ್ತಿತ್ತು. ಮಸೆದದ್ದು ಸಾಕೋ ಎಂದು ನೋಡಲು ಎಡ ಮುಂಗೈಯ ಕೂದಲು ಬೋಳಿಸಿ ನೋಡುತ್ತಿದ್ದರು. ಅವರ ಮುಂಗೈ ಸದಾ ನುಣ್ಣಗಿರುತ್ತಿತ್ತು.

"ನಮ್ಮನೇಲಿ ದಿನಾ ಶೇವ್ ಮಾಡೋದು ಹೆಂಡ್ತಿ" ಎನ್ನುವುದು ನಂಜಪ್ಪನವರು ವರ್ಷಕ್ಕೊಮ್ಮೆ ಬಿಡುತ್ತಿದ್ದ ಜೋಕು. ಅಲಗು ಸಿಕ್ಕಿಸಿದ ಬಾಣ ನೆಟ್ಟಗಿದೆಯೇ ಎಂದು ಪರೀಕ್ಷಿಸುವ ಕೆಲಸ ನನ್ನದು. ಅಲಗಿನ ತುದಿಯನ್ನು ಮರದ ಹಲಗೆಯ ಮೇಲೆ ಊರಿ ಬುಗುರಿಯ ಹಾಗೆ ತಿರುಗಿಸಬೇಕು. ಸ್ವಲ್ಪ ತೂಗಾಡಿದರೂ ಆ ಬಾಣ ಆಚೆ. ನಮ್ಮ ಅಡುಗೆಮನೆಯ ಚಪಾತಿ ಮಣೆಯ ಮೇಲೆ ಸಣ್ಣ ಸಣ್ಣ ಗುಳಿಗಳಿರುವುದನ್ನು ಕಂಡು ಶ್ರೀನಾಥ್ ಒಮ್ಮೆ ಕೇಳಿದರು, "ಇದಕ್ಕೇನು ಸಿಡುಬು ಬಂದಿತ್ತಾ?" ನಾನು ಅವರ ತಟ್ಟೆಗೆ ಇನ್ನೊಂದು ಚಪಾತಿ ಬಡಿಸಿದೆ.

ಹೊರಡುವುದು ಸೆಪ್ಟೆಂಬರಿನಲ್ಲಿ ಎಂದು ನಿಶ್ಚಯವಾಗಿತ್ತು. ಆ ವರ್ಷದ ಜೂನಿನಿಂದಲೇ ಬಾಣಗಳು ಗುರಿಗಿಂತ ಕೆಳಗೆ ಬೀಳತೊಡಗಿದವು. ಮೊದಲು ಒಂದಿಷ್ಟು ಕೆಳಗೆ, ಆಮೇಲೆ ಗುರಿಯ ಕಾಲಬುಡಕ್ಕೆ. ಇಬ್ಬರೂ ಬಾಣಗಳನ್ನು ಹಿಡಿದು ವಿಚಾರಣೆಗೆ ಕುಳಿತೆವು. ಕಡ್ಡಿ ಭಾರವಾಯಿತೇನೋ ಎಂದು ಬದಲಾಯಿಸಿದೆವು. ಗರಿ ಸವೆದಿದೆಯೇನೋ ಎಂದು ಹೊಸದು ಅಂಟಿಸಿದೆವು. ಹೆದೆ ಸಡಿಲಾಗಿದೆಯೆಂದು ಗಡ್ಡದವನ ಹತ್ತಿರ ಹೋಗಿ ಹೊಸ ಹೆದೆ ಕಟ್ಟಿಸಿಕೊಂಡು ಬಂದೆವು. ಬಾಣ, ಗರಿ, ಹೆದೆ ಎಲ್ಲವನ್ನೂ ನೋಡಿದೆವು. ತೋಳನ್ನು ನೋಡುವುದು ಇಬ್ಬರಿಗೂ ಹೊಳೆಯಲಿಲ್ಲ. ಗಟ್ಟಿ ತೋಳೆಂದರೆ ದೇಚಕ್ಕನ ತೋಳು, ಅದನ್ನು ಯಾರು ಅನುಮಾನಿಸುತ್ತಾರೆ?

ಅಷ್ಟರಲ್ಲಿ ಜುಲೈ ನಡು ಬಂತು, ದೇಚಕ್ಕನ ಕಕ್ಕಡ ಮಾಸ ಶುರುವಾಯಿತು. ಕೊಡಗಿನಲ್ಲಿ ಅದು ನಾಟಿಯ ಕಾಲ. ಆಯುಧಗಳನ್ನೆಲ್ಲ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ಮತ್ತೆ ಹೊರತೆಗೆಯುವುದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬಕ್ಕೆ, ಪೂಜೆ ಮಾಡಿ, ಹೂ ಮುಡಿಸಿ. ನಡುವೆ ಮುಟ್ಟುವ ಹಾಗಿಲ್ಲ. ಕ್ಯಾರಿಯಲ್ಲಿ ನಾಟಿ ಮಾಡಲು ಯಾವ ಗದ್ದೆಯೂ ಇರಲಿಲ್ಲ. ಆದರೂ ದೇಚಕ್ಕ ಟವೆಲ್ಲು, ಬೆಡ್‌ಶೀಟು ಇಡುವ ಕ್ಲಾಸೆಟ್ಟನ್ನು ಖಾಲಿ ಮಾಡಿ, ದೀಪವಿಟ್ಟು, ಬಿಲ್ಲು ಬಾಣಗಳನ್ನು ಒಳಗಿಟ್ಟು ಬಾಗಿಲು ಹಾಕಿದರು. ಬೇಟೆಗೆ ಹೋಗುವವರು ಬೇಸಿಗೆಯಿಡೀ ದಿನ ತಪ್ಪದೆ ಬಿಲ್ಲು ಎಳೆಯಬೇಕು, ಇಲ್ಲದಿದ್ದರೆ ತೋಳು ಮರೆಯುತ್ತದೆ ಎಂದು ಗಡ್ಡದವನು ಬೇಡಿಕೊಂಡ. ನಾನೂ ಒಂದು ಮಾತು ಹೇಳಿ ನೋಡಿದೆ.

"ದೇಚಕ್ಕ, ಇದೊಂದು ವರ್ಷ ಬಿಟ್ಟುಬಿಡಿ. ಅಮೆರಿಕದಲ್ಲಿ ಯಾರು ನೋಡ್ತಾರೆ?"

"ನಮ್ಮ ಹಿರಿಯರಿಗೆ ವೀಸಾ ಬೇಕಾ ವಸುಧಾ, ಇಲ್ಲಿಗೆ ಬಂದು ನೋಡೋಕೆ?"

ಹೋದ ವರ್ಷಗಳಲ್ಲೂ ಹೀಗೇ ಮುಚ್ಚಿಟ್ಟು, ತೆಗೆದ ಎರಡೇ ದಿನಕ್ಕೆ ಗುರಿಯ ನಡುಮಧ್ಯಕ್ಕೆ ಹೊಡೆದವರು ಅವರು. ಬಾಣ ಕೆಳಗೆ ಬೀಳುವುದನ್ನು ಆ ಏಳೆಂಟು ವಾರ ನಾವು ನೋಡಲಿಲ್ಲ, ಮರೆತೇಬಿಟ್ಟೆವು. ಆಗಸ್ಟಿನಲ್ಲಿ ಅವರ ಕೈಯಿಂದ ಉಪ್ಪಿನಕಾಯಿ ಜಾಡಿ ಜಾರಿತು. ಎಣ್ಣೆ ಕೈ ಎಂದು ಇಬ್ಬರೂ ಸೇರಿ ನೆಲ ಒರೆಸಿದೆವು.

ಹಬ್ಬದ ದಿನ ನನ್ನನ್ನೂ ಶ್ರೀನಾಥರನ್ನೂ ಊಟಕ್ಕೆ ಕರೆದಿದ್ದರು. ಅವರಿಗೆ ಹಂದಿ ಕರಿ, ನನಗೆಂದು ಬೇರೆ ಪಾತ್ರೆಯಲ್ಲಿ ಕಡಲೆ ಗೊಜ್ಜು. ಅಕ್ಕಿತರಿಯ ಕಡಂಬುಟ್ಟು ಎಲ್ಲರಿಗೂ. ಊರಲ್ಲಾದರೆ ಬಂದೂಕಿನ ನಳಿಕೆಗೆ ಹೂ ಸಿಕ್ಕಿಸುತ್ತಾರೆ. ಬಿಲ್ಲಿಗೆ ನಳಿಕೆಯೆಲ್ಲಿ? ಹಿತ್ತಲಿನ ಕೆಂಪು ಹೂವನ್ನು ಅದರ ತುದಿಗೆ ದಾರದಿಂದ ಕಟ್ಟಿದರು. ದಾರದ ಗಂಟು ಹಾಕುವುದಕ್ಕೆ ಅವರ ಬೆರಳು ತಡವರಿಸುತ್ತಿತ್ತು. ಪೂಜೆ ಮುಗಿಸಿ ಎಲ್ಲರೂ ಹಿತ್ತಲಿಗೆ ಬಂದೆವು. ದೇಚಕ್ಕ ಬಾಣ ಹೂಡಿ ಎಳೆದರು. ಹೆದೆ ಒಂದು ಗೇಣು ಬಂದು ನಿಂತಿತು. ಮತ್ತೆ ಎಳೆದರು. ಅಷ್ಟೇ ಬಂತು.

"ಕಡಂಬುಟ್ಟು ಜಾಸ್ತಿ ಆಯ್ತು ಇವಳಿಗೆ" ಎಂದು ನಂಜಪ್ಪ ನಕ್ಕರು. ನಾವೂ ನಕ್ಕೆವು. ದೇಚಕ್ಕನೂ ನಕ್ಕು, ಕಾಲು ಅಗಲಿಸಿ ನಿಂತು ಮೂರನೆಯ ಸಲ ಎಳೆದರು. ತೋಳು ನಡುಗಿತು, ಮುಖ ಕೆಂಪಾಯಿತು, ಬಿಲ್ಲು ಕೈಯಿಂದ ಕಳಚಿ ಹುಲ್ಲಿನ ಮೇಲೆ ಬಿತ್ತು. ಹೂ ಮುಡಿಸಿದ ಆಯುಧ ನೆಲಕ್ಕೆ ಬಿದ್ದದ್ದನ್ನು ಕಂಡು ನಂಜಪ್ಪನವರ ನಗು ನಿಂತಿತು. ನಾನು ಎತ್ತಿಕೊಡಲು ಹೋದಾಗ ದೇಚಕ್ಕನ ಕೈಯನ್ನು ಹತ್ತಿರದಿಂದ ಕಂಡೆ. ಹೆಬ್ಬೆರಳಿನ ಬುಡದಲ್ಲಿ ಮಾಂಸ ಇರಬೇಕಾದ ಕಡೆ ಗುಳಿ ಬಿದ್ದಿತ್ತು. ನನಗೆ ತುಂಬ ಭಯವಾಯಿತು.

ಆಸ್ಪತ್ರೆಗಳು, ಸೂಜಿಗಳು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ, ಅದರ ಮೇಲೆ ಮತ್ತೊಬ್ಬರದು. ಎಲ್ಲರೂ ಕೊನೆಗೆ ಒಂದನ್ನೇ ಹೇಳಿದರು. ನರಗಳು ಸ್ನಾಯುಗಳನ್ನು ಒಂದೊಂದಾಗಿ ಕೈಬಿಡುವ ರೋಗ. ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಗಂಟಲು, ಕೊನೆಗೆ ಉಸಿರು. ಬುದ್ಧಿ ಮಾತ್ರ ಕಡೆಯ ತನಕ ಚುರುಕಾಗಿರುತ್ತದೆ ಎಂದು ಡಾಕ್ಟರು ಸಮಾಧಾನದ ಹಾಗೆ ಹೇಳಿದರಂತೆ. ನನಗಂತೂ ಅದೇ ಎಲ್ಲಕ್ಕಿಂತ ಘೋರವೆನಿಸಿತು. ಮನೆಗೆ ಬಂದು ದೇವರ ಮುಂದೆ ಕುಳಿತು ಬಾಯಿಗೆ ಬಂದ ಹಾಗೆ ದೇವರನ್ನು ಬೈದೆ.

ದೇಚಕ್ಕ ಬೈಯಲಿಲ್ಲ, ಅಳಲಿಲ್ಲ. ಮುಂದಿನ ಸೆಪ್ಟೆಂಬರಿಗೆ ಹೋಗೋಣ ಎಂದರು.

"ಬಿಲ್ಲಿನ ಬಿಗಿ ಇಳಿಸಬಹುದಲ್ಲ? ಇಳಿಸು. ಅದಕ್ಕೆ ಸರಿಹೋಗೋ ಬಾಣ ಹುಡುಕು. ನಿನ್ನ ಕೆಲಸ ಅದೇ ತಾನೇ?"

ಬಿಲ್ಲಿನ ಎರಡೂ ತೋಳಿನ ಬೋಲ್ಟನ್ನು ಸಡಿಲಿಸಿದರೆ ಬಿಗಿ ಇಳಿಯುತ್ತದೆ. ಇಳಿಸಿದೆ. ಮತ್ತೆ ಲೆಕ್ಕಕ್ಕೆ ಕುಳಿತೆ. ಬಿಲ್ಲು ಮೆತ್ತಗಾದರೆ ಕಡ್ಡಿಯೂ ಮೆತ್ತಗಾಗಬೇಕು, ಆದರೆ ತೂಕ ಇಳಿಯಬಾರದು. ಮೂರು ಬಾಯಿಯ ಅಲಗು ತಳ್ಳುವಷ್ಟು ಬಲ ಈಗ ಇಲ್ಲ, ಎರಡು ಬಾಯಿಯದು, ಕಿರಿದು, ತುದಿಯಿಂದಲೇ ಕೊಯ್ಯುವುದು ಬೇಕು. ತಂದೆವು. ಮಸೆಯುವ ಕೆಲಸ ನನ್ನ ಪಾಲಿಗೆ ಬಂತು. ಈಗ ನನ್ನ ಮುಂಗೈ ನುಣ್ಣಗಾಗತೊಡಗಿತು. ದೂರದಿಂದ ಹೊಡೆಯುವ ಮಾತು ಬಿಟ್ಟು, ಎಲ್ಕ್ ತೀರ ಹತ್ತಿರ ಬಂದರೆ ಮಾತ್ರ ಎಂದುಕೊಂಡೆವು. ಚಳಿಗಾಲದಲ್ಲಿ ಮತ್ತೆ ಬಿಗಿ ಇಳಿಸಿದೆ, ಮತ್ತೆ ಬೇರೆ ಬಾಣ. ವಸಂತದಲ್ಲಿ ಮತ್ತೆ. ಅಂಗಡಿಯ ಗಡ್ಡದವನು ಈಗ ಏನನ್ನೂ ಮಾರಲು ಬರುತ್ತಿರಲಿಲ್ಲ. ನಾವು ಹೋದರೆ ಕುರ್ಚಿ ತಂದು ಹಾಕುತ್ತಿದ್ದ. ಅಷ್ಟು ಮಾತಾಡುತ್ತಿದ್ದ ಮನುಷ್ಯ ನಮ್ಮ ಕಣ್ಣು ತಪ್ಪಿಸುತ್ತಿದ್ದ.

ಆ ತಿಂಗಳುಗಳಲ್ಲಿ ನಾನು ಮಾಡಿದಷ್ಟು ಫಿಸಿಕ್ಸ್ ಎಂ.ಎಸ್ಸಿ.ಯಲ್ಲೂ ಮಾಡಿರಲಿಲ್ಲ. ಬಾಣದ ತೂಕ ಹೆಚ್ಚಿಸಲು ಕಡ್ಡಿಯೊಳಗೆ ಮರಳು ತುಂಬಿ ನೋಡಿದೆ. ತೂಕ ಹೆಚ್ಚಿದರೆ ಬಾಣ ಹತ್ತು ಹೆಜ್ಜೆಯಲ್ಲೇ ನೆಲ ಕಚ್ಚುತ್ತಿತ್ತು. ತೂಕ ಇಳಿಸಿದರೆ ಹುಲ್ಲಿನ ಗುರಿಗೆ ಬಡಿದು ಹಿಂದಕ್ಕೆ ಬೀಳುತ್ತಿತ್ತು. ಶ್ರೀನಾಥ್ ಒಂದು ಸಂಜೆ ನನ್ನ ಪಕ್ಕ ಕುಳಿತು "ಸಾಕು ಬಿಡೇ, ನಿಂಗೂ ಗೊತ್ತು" ಎಂದರು. ಅವರ ಮೇಲೆ ಕೂಗಾಡಿದೆ. ನನಗೂ ಗೊತ್ತಿತ್ತು.

ಆ ಜೂನಿನಲ್ಲಿ ಬಿಲ್ಲಿನ ಬಿಗಿ, ಎಲ್ಕ್ ಬೇಟೆಗೆ ಕಾನೂನು ಒಪ್ಪುವ ಕನಿಷ್ಠಕ್ಕಿಂತ ಕೆಳಗಿಳಿಯಿತು. ಅಷ್ಟನ್ನೂ ದೇಚಕ್ಕ ಪೂರ್ತಿ ಎಳೆಯಲಾರದೆ ಹೋದರು. ನಾನು ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತೆ.

"ಯಾವ ಬಾಣಾನೂ ಆಗಲ್ಲ ಅಕ್ಕ."

"ಲೆಕ್ಕ ತಪ್ಪಿರ್ಬೇಕು. ಇನ್ನೊಂದ್ಸಲ ಮಾಡು."

"ಮಾಡ್ದೆ ಅಕ್ಕ. ಹೋದ್ರೆ ಗಾಯ ಆಗುತ್ತೆ, ಅಷ್ಟೇ. ಬೀಳಲ್ಲ ಅದು."

ಅವರು ಬಿಲ್ಲನ್ನು ನನ್ನ ಕಡೆಗೆ ಸರಿಸಿದರು. ನಂತರ, "ಹಾಗಾದ್ರೆ ಬೇಡ" ಎಂದರು. ಅಷ್ಟೇ. ನಾನು ಅತ್ತದ್ದಕ್ಕೆ ಅವರೇ ಬೈದರು. ಆಮೇಲೆ ಅವರು ಬಿಲ್ಲಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಮುಂದಿನ ವರ್ಷದಲ್ಲಿ ಕಾಲು ಹೋಯಿತು, ಗಾಲಿಕುರ್ಚಿ ಬಂತು. ನಂಜಪ್ಪ ಕೆಲಸಕ್ಕೆ ಹೋಗಲೇಬೇಕಿತ್ತು, ಅವರ ಇನ್ಶೂರೆನ್ಸಿನ ಮೇಲೇ ಎಲ್ಲವೂ ನಿಂತಿತ್ತು. ಮಧ್ಯಾಹ್ನದ ಊಟ ಮಾಡಿಸುವುದು ನಾನು. ಅನ್ನಕ್ಕೆ ಮೊಸರು ಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸಿದ ಹಾಗೆ ನುಣ್ಣಗೆ ಮಾಡಿ ಚಮಚದಲ್ಲಿ ಕೊಡುತ್ತಿದ್ದೆ. ಕೆಲವು ದಿನ ಅದೂ ಗಂಟಲಲ್ಲಿ ಸಿಕ್ಕಿ, ಅವರು ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದರು. ನಾನು ಬೆನ್ನು ನೀವುತ್ತ, ಉಸಿರು ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಉಸಿರು ಬಂದ ಮೇಲೆ, ಯಾಕೆ ಬಂತೋ ಎಂದು ಅವರ ಕಣ್ಣು ಕೇಳುವುದನ್ನು ನೋಡಲಾರದೆ ಬಟ್ಟಲು ತೊಳೆಯುವ ನೆಪದಲ್ಲಿ ಏಳುತ್ತಿದ್ದೆ. ಮಾತು ತೊದಲುತ್ತಿತ್ತು. ದಿನವೂ ಕೇಳುವ ನನಗೂ ನಂಜಪ್ಪನವರಿಗೂ ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅರ್ಧ ಊಟವಾಗಿತ್ತು. ಅವರು ಬಾಯಿ ತೆರೆಯದೆ ನನ್ನ ಮುಖವನ್ನೇ ನೋಡಿದರು.

"ವಸುಧಾ. ಎಲ್ಕ್‌ಗೆ ಎಷ್ಟು ಯೋಚ್ನೆ ಮಾಡಿದ್ವಿ ಅಲ್ವಾ, ನಾವಿಬ್ರೂ?"

"ಹೂಂ ಅಕ್ಕ."

"ನರಳಬಾರ್ದು ಅಂತ. ಈ ಅಲಗು ಬೇಡ, ಆ ಅಲಗು ಬೇಡ. ಬೇಗ ಪ್ರಾಣ ಹೋಗ್ಲಿ ಅಂತ."

"ಮಾತಾಡ್ಬೇಡಿ ಅಕ್ಕ, ಸುಸ್ತಾಗುತ್ತೆ."

ಅವರು ಉಸಿರು ಕೂಡಿಸಿಕೊಂಡರು. ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದರು.

"ನಂಗೆ ಅಷ್ಟು ಯೋಚ್ನೆ ಮಾಡೋರು ಯಾರೂ ಇಲ್ವಾ?"

ಚಮಚವನ್ನು ಅವರ ತುಟಿಗೆ ಹಿಡಿದೆ. ಅವರು ನನ್ನನ್ನು ನೋಡುತ್ತಲೇ ಬಾಯಿ ತೆರೆದರು. ಆ ಒಂದು ತುತ್ತು ನುಂಗುವುದಕ್ಕೆ ಅವರಿಗೆ ಬಹಳ ಹೊತ್ತು ಹಿಡಿಯಿತು.